ಬೀಗರ ಕಾರಿನ ಬೀಗ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಅವನ ವಿಷಯದಲ್ಲಿ ನಮಗ್ಯಾರಿಗೂ ಆ ಕಷ್ಟ ಇರಲಿಲ್ಲ. ಆಡಬಹುದಾದ ಒಳ್ಳೆಯ ಮಾತನ್ನೆಲ್ಲ ಬದುಕಿದ್ದಾಗ ಅವನೇ ಆಡಿ ಮುಗಿಸಿದ್ದ. ತಿಥಿ ಊಟಕ್ಕೆ ಕೂತಾಗ ನನ್ನ ಎಡಗಡೆಯವರು ಅವನ ಒಂದು ಜಂಬದ ಮಾತು ತೆಗೆದರೆ ಬಲಗಡೆಯವರು ಇನ್ನೊಂದು ತೆಗೆದರು. ಪಾಯಸ ಬರುವ ಹೊತ್ತಿಗೆ ಇಡೀ ಪಂಕ್ತಿಯೇ ನಗುತ್ತಿತ್ತು. ಒಳಬಾಗಿಲಲ್ಲಿ ಕೂತಿದ್ದ ಅವನ ಹೆಂಡತಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವರೆಲ್ಲ ಹೇಳಿದ್ದು ಅವನು ಬೀಗಿದ ಕಥೆಗಳನ್ನು. ಬೀಗುವ ಅವಕಾಶವನ್ನು ಯಾರೋ ಬೆಳ್ಳಿತಟ್ಟೆಯಲ್ಲಿಟ್ಟು ಕೊಟ್ಟಾಗ ಅವನು ಬೇಡ ಅಂದ ಒಂದು ಸಂಜೆಯೂ ಇದೆ. ಅಲ್ಲಿ ನಾನಿದ್ದೆ. ಅದನ್ನು ಬರೆಯದೆ ಬಿಟ್ಟರೆ ನನಗೆ ಸಮಾಧಾನವಿಲ್ಲ.

ಹೆಸರು ಹೇಳುವುದಿಲ್ಲ. ಹೇಳಿದರೆ ಇಲ್ಲಿಗೂ ಬಂದು ಮೀಸೆ ತಿರುವುತ್ತಾನೆ. ರಾಬರ್ಟ್‌ಸನ್‌ಪೇಟೆಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಕಾರುಗಳ ವೈರಿಂಗ್ ರಿಪೇರಿ ಮಾಡುವ ಅಂಗಡಿ ಅವನದು. ಪಕ್ಕದ ಬ್ಯಾಟರಿ ಅಂಗಡಿ ನನ್ನದು. ನಡುವೆ ಒಂದೇ ಗೋಡೆ. ಅದು ಇಟ್ಟಿಗೆಯದೇ ಆದರೂ ಅವನ ಗಂಟಲಿನ ಮುಂದೆ ರಟ್ಟಿಗಿಂತ ಕಡೆ. ಊರಿನವರು ಅವನನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದರು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಅವನ ಕಡೆಯವರು ಕಾಮಸಮುದ್ರದ ಹತ್ತಿರ ರಾಗಿ, ಹುರುಳಿ ಬೆಳೆಯುವ ಒಕ್ಕಲು ಜನ. ಇವನು ಮಾತ್ರ ಚಿಕ್ಕ ವಯಸ್ಸಿಗೇ ಚಿನ್ನದ ಗಣಿಗೆ ಸೇರಿ, ಆಳದ ಶಾಫ್ಟಿನ ಬಾವಿಯಲ್ಲಿ ಆಳುಗಳನ್ನು ಹೊತ್ತ ತೊಟ್ಟಿಲು ಮೇಲೆ ಕೆಳಗೆ ಮಾಡುವವರಿಗೆ ಸನ್ನೆ ಕೊಡುವ ಗಂಟೆಯ ತಂತಿ ನೋಡಿಕೊಳ್ಳುತ್ತಿದ್ದ. ಎಂಬತ್ತರ ದಶಕದ ಕೊನೆಯಲ್ಲಿ ಅದನ್ನು ಬಿಟ್ಟು ಅಂಗಡಿ ಇಟ್ಟ. ಉರಿಗಾಂನ ಸಾಲುಮನೆಗಳ ಲೈನಿನಲ್ಲಿ ಮನೆ. ಸಾಧಾರಣ ಎತ್ತರ, ಎತ್ತರಕ್ಕೆ ಮೀರಿದ ಎದೆ, ಎದೆಗೆ ಮೀರಿದ ಮೀಸೆ. ಕಿವಿಯ ಮೇಲೆ ಬೀಡಿಯ ಬದಲು ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದ. ನಮ್ಮ ಊರಿನಲ್ಲಿ ಮೂರು ಭಾಷೆ ಎಲ್ಲರಿಗೂ ಬರುತ್ತದೆ, ಅದೇನೂ ಹೆಚ್ಚುಗಾರಿಕೆಯಲ್ಲ. ಆದರೆ ಮೂರು ಭಾಷೆಯಲ್ಲೂ ಒಂದೇ ಸಮನೆ ಜಂಬ ಕೊಚ್ಚುವವನನ್ನು ನಾನು ಕಂಡದ್ದು ಇವನೊಬ್ಬನನ್ನೇ.

"ಕನ್ನಡದಾಗೆ ಬೀಗ, ತಮಿಳ್ನಾಗೆ ಪೂಟು, ತೆಲುಗ್ನಾಗೆ ತಾಳಂ. ಎಸ್ರು ಮೂರು, ಡಾಕ್ಟ್ರು ಒಬ್ನೇ!" ಅನ್ನುತ್ತಿದ್ದ. ಹೇಳಿ ನನ್ನ ಅಂಗಡಿಯ ಕಡೆ ತಿರುಗಿ ನೋಡುತ್ತಿದ್ದ. ನಾನು ತಲೆಯಾಡಿಸುವವರೆಗೆ ಆ ಮಾತು ಅವನಿಗೆ ಮುಗಿದಂತಾಗುತ್ತಿರಲಿಲ್ಲ.

ಬೀಗದ ಡಾಕ್ಟರಾದ ಬಗೆ ಹೇಳಬೇಕು. ತೊಂಬತ್ತರ ಹೊತ್ತಿಗೆ ಕಾರಿಟ್ಟವರಿಗೆ ಹೊಸ ಹುಚ್ಚೊಂದು ಹತ್ತಿತು. ಡ್ರೈವರ್ ಬಾಗಿಲಿಗೆ ಕೀ ತಿರುಗಿಸಿದರೆ ನಾಲ್ಕೂ ಬಾಗಿಲಿನ ಕಿಟಕಿಯಂಚಿನ ಬೀಗದ ಗುಬುಟು ಟಕ್ಕೆಂದು ಒಟ್ಟಿಗೆ ಏಳಬೇಕು, ಒಟ್ಟಿಗೆ ಬೀಳಬೇಕು. ಬೆಂಗಳೂರಿಗೆ ಹೋಗಿ ಬಾಗಿಲಿಗೊಂದು ಪುಟ್ಟ ಮೋಟಾರು ಹಾಕಿಸಿಕೊಂಡು ಬರುತ್ತಿದ್ದರು. ಬಂದು ಕೆಲವೇ ತಿಂಗಳಿಗೆ ಒಂದು ಎದ್ದರೆ ಇನ್ನೊಂದು ಏಳುತ್ತಿರಲಿಲ್ಲ. ಆಗ ಎಲ್ಲರಿಗೂ ಮೇಸ್ತ್ರಿಯೇ ಗತಿ. ಆ ಏರ್ಪಾಟಿನಲ್ಲಿ ಡ್ರೈವರ್ ಬಾಗಿಲಿನ ಮೋಟಾರೇ ಒಡತಿ, ಉಳಿದ ಮೂರೂ ಅದರ ಮಾತು ಕೇಳಬೇಕು. ಮೇಸ್ತ್ರಿ ಅದಕ್ಕೆ ತನ್ನದೇ ಹೆಸರಿಟ್ಟಿದ್ದ. ಡ್ರೈವರ್ ಬಾಗಿಲು ಅತ್ತೆ, ಮಿಕ್ಕವು ಸೊಸೆಯಂದಿರು. "ಅತ್ತೆ ಎದ್ಳು, ನಡುವ್ಲು ಸೊಸೆ ಏಳ್ತಿಲ್ಲ," ಎಂದು ಗೋಡೆಯ ಆಚೆಯಿಂದ ಕೇಳಿದರೆ ನನ್ನ ಅಂಗಡಿಗೆ ಬಂದ ಗಿರಾಕಿಗಳು, ಪಾಪ, ಯಾರದೋ ಸಂಸಾರ ಹಾಳಾಗುತ್ತಿದೆ ಅಂದುಕೊಳ್ಳುತ್ತಿದ್ದರು.

ಬೇರೆಯವರು ಮೊದಲು ಬಾಗಿಲು ಬಿಚ್ಚಿ ಆಮೇಲೆ ಯೋಚಿಸುತ್ತಾರೆ. ಇವನು ಹಾಗಲ್ಲ. ಕೀ ತಿರುಗಿಸಲು ಹೇಳಿ ಬಾಗಿಲಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ನಾಕೂ ಸತ್ತಿದ್ರೆ ಫ್ಯೂಸು ನೋಡು. ಒಂದೇ ಸತ್ತಿದ್ರೆ ತಂತಿ ನೋಡು. ಮೋಟ್ರು ಬಡ್ಕಂತಾ ಐತೆ, ಗುಬುಟು ಏಳ್ತಿಲ್ಲ ಅಂದ್ರೆ ಒಳಗೆ ಸರಳು ಬಿಟ್ಟೋಗೈತೆ. ಕಾಯಿಲೆ ಏನಂತ ಗೊತ್ತಾಗೋಗಂಟ ಸ್ಕ್ರೂ ಮುಟ್ಟಬ್ಯಾಡ್ರಲಾ!" ಇದು ಶಾಫ್ಟಿನ ಗಂಟೆ ಕಲಿಸಿದ ಪಾಠ. ಕೆಳಗೆ ಮನುಷ್ಯರು ತೂಗಾಡುತ್ತಿರುವಾಗ ಅಂದಾಜಿನ ಮೇಲೆ ತಂತಿಗೆ ಕೈ ಹಾಕುವಂತಿಲ್ಲ.

ಒಮ್ಮೆ ಕಲ್ಯಾಣಮಂಟಪದ ಯಜಮಾನರೊಬ್ಬರು ಮೋಟಾರು ಬದಲಾಯಿಸಿ ಬದಲಾಯಿಸಿ ಸೋತು ಕಾರು ತಂದರು. ಇವನು ಕಿವಿ ಇಟ್ಟ, "ಮೋಟ್ರು ಗುಂಡುಕಲ್ಲಂಗೈತೆ, ಸರಳಿನ ಕೊಂಡಿ ಬಿದ್ದೋಗೈತೆ," ಅಂದ. ಬಾಗಿಲಿನ ಹಲಗೆ ಬಿಚ್ಚಿದರೆ ಕಡಲೆಕಾಳಿನಷ್ಟು ಪುಟ್ಟ ಪ್ಲಾಸ್ಟಿಕ್ ಕೊಂಡಿ ತಳದಲ್ಲಿ ಬಿದ್ದಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು "ನೋಡುದ್ರಾ? ನೋಡುದ್ರಾ?" ಎಂದು ಗಲ್ಲಿಯ ಉದ್ದಕ್ಕೂ ತೋರಿಸಿಕೊಂಡು ಬಂದ. ಹೂವಿನವಳಿಗೂ ತೋರಿಸಿದ. ನನಗಂತೂ ರೇಗಿ, "ನೋಡಿದ್ವಿ ಮಾರಾಯ, ಪೂಜೆ ಮಾಡಿ ಮಂಗಳಾರತಿ ಎತ್ತು," ಎಂದು ಕೂಗಿದೆ. ಅವನಿಗೆ ಬೇಸರವಾಗಲಿಲ್ಲ. ಮಂಗಳಾರತಿ ತನಗೇ ಅಂದುಕೊಂಡ.

ಆದರೆ ಆ ಕಿವಿ ಕೈಕೊಡಲು ಶುರುಮಾಡಿತು. ಅವನ ಅಪ್ಪನಿಗೂ ಐವತ್ತು ದಾಟುತ್ತಲೇ ಹಾಗಾಗಿತ್ತಂತೆ. ಮೊದಲು ಬಲಗಿವಿ, ಆಮೇಲೆ ಎಡಗಿವಿ ಅರ್ಧ. ಇದನ್ನವನು ಯಾರಿಗೂ ಹೇಳಲಿಲ್ಲ. ಗೋಡೆಯ ಆಚೆ ಗಂಟಲು ಇನ್ನಷ್ಟು ಏರಿದಾಗಲೇ ನನಗೆ ಅರ್ಥವಾಗಿದ್ದು. ಹೊಟ್ಟೆಪಾಡು ಕೆಡದಿದ್ದುದಕ್ಕೆ ಕಾರಣ ಅವನ ಮಗಳು. ಪಿಯುಸಿ ಮುಗಿಸಿ ಅಪ್ಪನಿಗೆ ಬುತ್ತಿ ತರುತ್ತಿದ್ದವಳು ಅಂಗಡಿಯಲ್ಲೇ ಕೂತಳು, ಕೂತವಳು ಕೆಲಸ ಕಲಿತಳು, ಒಂದೆರಡು ವರ್ಷದಲ್ಲಿ ಅಪ್ಪನನ್ನು ಮೀರಿಸಿದಳು. ಇಪ್ಪತ್ತೆರಡರ ವಯಸ್ಸು, ಅಪ್ಪನ ಎದೆಗಾರಿಕೆ, ಅಮ್ಮನ ಚುರುಕು ನಾಲಿಗೆ. ಇವನು ಬಾಗಿಲಿಗೆ ಕಿವಿ ಇಟ್ಟು ಕಣ್ಣು ಮುಚ್ಚುವುದು ಹಾಗೇ ನಡೆದಿತ್ತು. ಪಕ್ಕದಲ್ಲಿ ನಿಂತ ಅವಳು ಸದ್ದು ಕೇಳಿಸಿಕೊಂಡು ಮೆಲ್ಲಗೆ ಅವನ ಎಡಗಿವಿಯಲ್ಲಿ ಹೇಳುವಳು. ಇವನು ಮೀಸೆ ತಿರುವಿ ಊರಿಗೆಲ್ಲ ಸಾರುವನು. ಹೆಸರು ಇವನಿಗೆ. ಅವಳಿಗೆ ಅದರ ಬಗ್ಗೆ ದೂರಿರಲಿಲ್ಲ. ನನಗಿತ್ತು. ಒಂದೆರಡು ಸಲ ಅಂದೂ ಬಿಟ್ಟೆ. ಕೇಳಿಸದವನಂತೆ ಇದ್ದ. ಕೇಳಿಸಿತೋ ಇಲ್ಲವೋ, ಅವನ ವಿಷಯದಲ್ಲಿ ಹೇಗೆ ಹೇಳುವುದು?

ಅವಳಿಗೆ ಬಂದಿದ್ದ ಎರಡು ಸಂಬಂಧ ತಪ್ಪಿಹೋದವು. "ಗಂಡಸರ ನಡುವೆ ಗ್ಯಾರೇಜಿನಲ್ಲಿ ಕೂರುವ ಹುಡುಗಿ" ಎಂಬ ಮಾತು ಹೇಗೋ ಅವರ ಮನೆ ಮುಟ್ಟಿತ್ತು. ಮೇಸ್ತ್ರಿಯ ಹೆಂಡತಿ ಅತ್ತೂ ಅತ್ತೂ ಸೊರಗಿದಳು. ಅಷ್ಟರಲ್ಲಿ ಒಂದು ದಿನ ಬಂಗಾರಪೇಟೆಯ ದಲ್ಲಾಳಿಯೊಬ್ಬ ಅಂಗಡಿಗೆ ಬಂದ. ಮಗಳು ಏನೋ ಸಾಮಾನು ತರಲು ಹೋಗಿದ್ದಳು. ನಾನು ಗೋಡೆಯ ಈಚೆ ಇದ್ದೆ.

"ಬೀಗರ ವಿಷ್ಯ ಮಾತಾಡಾನಾ ಅಂತ ಬಂದೆ ಮೇಸ್ತ್ರಿ," ಅಂದ ದಲ್ಲಾಳಿ.

ಮೇಸ್ತ್ರಿಗೆ ಬೀಗರ ಅನ್ನುವುದು ಬೀಗದ ಎಂದು ಕೇಳಿಸಿತು. "ಬೀಗದ್ದಾ? ಎಂಗೈತೆ?"

"ಒಳ್ಳೇವ್ರೇ. ತಾಯಿ ಮಾತ್ರ ವಸಿ ಗಟ್ಟಿ."

"ಗಟ್ಟಿ ಇದ್ರೆ ಎಣ್ಣೆ ಬಿಟ್ರೆ ಸರೋಯ್ತದೆ."

"ಒಬ್ನೇ ಮಗ," ಅಂದ ದಲ್ಲಾಳಿ.

"ಒಂದೇ ಆದ್ರೆ ತಂತಿ ತುಂಡಾಗಿರ್ತದೆ. ಬಿಟ್ಟೋಗು, ಸಂಜೀಗೆ ಬಿಚ್ಚಿ ನೋಡ್ತೀನಿ."

ನಾನು ಓಡಿಹೋಗಿ ಬಿಡಿಸಿ ಹೇಳದಿದ್ದರೆ ದಲ್ಲಾಳಿ ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟೇಬಿಡುತ್ತಿದ್ದ. ಬಂಗಾರಪೇಟೆಯ ಅಕ್ಕಿ ವ್ಯಾಪಾರದ ಮನೆ, ಸ್ವಂತ ಕಾರು, ಹುಡುಗ ಮೆತ್ತಗಿನವನು. ಭಾನುವಾರ ಹುಡುಗಿ ನೋಡಲು ಬರುವುದೆಂದು ಆಯಿತು.

ಮೇಸ್ತ್ರಿಯ ಹೆಂಡತಿ ಈ ಸಲ ಗಂಡನನ್ನು ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿಕೊಂಡಳು. ಮಗಳು ಮನೆಯಲ್ಲಿ ಹೊಲಿಗೆ ಹಾಕುತ್ತಾಳೆ, ಅಷ್ಟೆ. ಅಂಗಡಿಯ ಮಾತೇ ಎತ್ತಕೂಡದು. "ಅವ್ರು ಒರಡೋಗಂಟ ಬಾಯಿಗೆ ಬೀಗ ಆಕ್ಕಂಡಿರಿ. ಇದೂ ತಪ್ಪೋದ್ರೆ ನಾನು ಬಾವಿ ನೋಡ್ಕಂತೀನಿ," ಅಂದಳು. ಕಾವಲಿಗೆ ನನ್ನನ್ನೂ ಕರೆದಳು. ಮೇಸ್ತ್ರಿ ಬಾಯಿ ಬಿಟ್ಟಾಗಲೆಲ್ಲ ನಾನು ಕೆಮ್ಮಬೇಕು ಎಂದು ಒಪ್ಪಂದ.

ಬಂದರು. ಹುಡುಗ, ಅವನ ಅಪ್ಪ, ಅಮ್ಮ. ಅಮ್ಮ ದಲ್ಲಾಳಿ ಹೇಳಿದಂತೆ ಗಟ್ಟಿ ಹೆಂಗಸೇ, ಕೈತುಂಬ ಬಳೆ, ನೋಟದಲ್ಲೇ ಮನೆಯ ಮೂಲೆ ಮೂಲೆ ಗುಡಿಸಿದಳು. ಕೇಸರಿಭಾತು, ಬೋಂಡ ಆಯಿತು. ಮಗಳು ಹಸಿರು ರೇಷ್ಮೆ ಉಟ್ಟು ಕಾಫಿ ತಂದುಕೊಟ್ಟು ಒಳಗೆ ಹೋದಳು. ಹುಡುಗ ಕಾಫಿ ಕುಡಿಯುವುದನ್ನೇ ಮರೆತ. ಮೇಸ್ತ್ರಿ ಆಡಿದ್ದು "ಹೂಂ" ಮತ್ತು "ಅಂಗೇ" ಎಂಬ ಎರಡು ಮಾತು. ಅವನ ಮುಖ ಮುಚ್ಚಳ ಹಾಕಿದ ಹಾಲಿನ ಪಾತ್ರೆಯಂತೆ ಕುದಿಯುತ್ತಿತ್ತು. ನನಗೆ ಕೆಮ್ಮುವ ಕೆಲಸವೇ ಬೀಳಲಿಲ್ಲ. ಮಾತುಕತೆ ಎಲ್ಲ ಹಿತವಾಗಿ ಮುಗಿದು, ಮುಂದಿನ ವಾರ ತಾಂಬೂಲ ಎಂಬಲ್ಲಿಗೆ ಬಂತು. ಹೊರಟು ಬೀದಿಗೆ ಬಂದೆವು.

ಹುಡುಗ ಕಾರಿಗೆ ಕೀ ಹಾಕಿದ. ಟಕ್. ನಾಲ್ಕೂ ಗುಬುಟು ಎದ್ದವು. ಡ್ರೈವರ್ ಬಾಗಿಲು ತೆಗೆದ. ಟಕ್. ಎಲ್ಲವೂ ಬಿದ್ದವು. ಹಿಂದಿನ ಬಾಗಿಲಿಗೆ ಕೈ ಹಾಕಿದ್ದ ಅವನ ಅಪ್ಪ ಕೈ ಕೊಡವಿಕೊಂಡು ನಕ್ಕರು.

"ಎಲ್ಡು ತಿಂಗ್ಳಿಂದ ಇದೇ ಕಾಟ. ಒಳಗಿಂದ ಕೈಯಾಕಿ ಒಂದೊಂದೇ ಎತ್ಬೇಕು. ಎಂಗೂ ಬೀಗದ ಮೇಸ್ತ್ರಿ ಮನೇಗೇ ಬಂದಿದೀವಿ. ಬೀಗರ ಬೀಗ ಬೀಗರೇ ನೋಡ್ಬೇಕಲ್ವಾ?"

ಎಲ್ಲರೂ ನಕ್ಕರು. ಮೇಸ್ತ್ರಿಯ ಹೆಂಡತಿಯ ಕಣ್ಣಲ್ಲಿ ನೀರು ಬಂತು. ತಾಂಬೂಲಕ್ಕೆ ಮೊದಲೇ ಅವರ ಬಾಯಲ್ಲಿ ಬೀಗರು ಎಂಬ ಮಾತು ಬಂದಿತ್ತಲ್ಲ, ಅದಕ್ಕೆ.

ಮೇಸ್ತ್ರಿ ತೋಳು ಮಡಚಿ ಮುಂದೆ ಬಂದ. ಕೀ ತಿರುಗಿಸಲು ಹೇಳಿ ಬಾಗಿಲಿಗೆ ಕಿವಿ ಇಟ್ಟ, ಕಣ್ಣು ಮುಚ್ಚಿದ. ಪಕ್ಕದಲ್ಲಿ ಹೇಳುವವರಿಲ್ಲ. ಲೈನಿನ ಮನೆಗಳಿಂದೆಲ್ಲ ಜನ ಹೊರಗೆ ಬಂದು ನೋಡುತ್ತಿದ್ದರು. ಏನಾದರೂ ಹೇಳಲೇಬೇಕು. "ರಿಲೇ ಓಗೈತೆ," ಅಂದ.

ಆಗ ಕಿಟಕಿಯ ಸರಳಿನ ಹಿಂದಿನಿಂದ ಮಗಳ ದನಿ ಬಂತು. ತಪ್ಪು ಕಾಯಿಲೆ ಹೇಳಿದ್ದು ಅವಳಿಗೆ ತಡೆಯಲಾಗಲಿಲ್ಲ. ಅಂಗಡಿಯ ಮಾತು ಅಂಗಡಿಯ ಹಾಗೇ ಬಂತು.

"ಅಪ್ಪಾ, ರಿಲೇ ಅಲ್ಲ! ಅತ್ತೇದೇ ತಪ್ಪು!"

ಬೀದಿಯವರೆಲ್ಲ ಹುಡುಗನ ತಾಯಿಯ ಕಡೆ ತಿರುಗಿದರು. ಮೇಸ್ತ್ರಿಗೆ ಕೇಳಿಸಲಿಲ್ಲ. "ಏನಮ್ಮಾ?" ಅಂದ.

ನಾನು ಕೆಮ್ಮಿದೆ. ಕೆಮ್ಮು ಅವನಿಗೆ ಮೊದಲೇ ಕೇಳಿಸದು. ಮಗಳು ಇನ್ನೂ ಗಟ್ಟಿಯಾಗಿ ಕೂಗಿದಳು: "ಅತ್ತೇದೇ ತಪ್ಪು ಅಂದೆ! ಅರ್ಧ ತೆಗೆಯೋದ್ರೊಳಗೆ ಸೊಸೇರನ್ನೆಲ್ಲ ಬೀಳಿಸ್ತಾಳೆ! ಅವಳ ಮೊಣಕೈ ನೋಡು!"

ಹುಡುಗನ ತಾಯಿ ತನ್ನ ಮೊಣಕೈ ನೋಡಿಕೊಂಡಳು.

"ನಾನೇನಮ್ಮಾ ಮಾಡ್ದೆ? ಇನ್ನೂ ತಾಂಬೂಲವೇ ಆಗಿಲ್ಲ, ಆಗ್ಲೇ ನನ್ ಮೇಲೆ ತಪ್ಪಾ?" ಅಂದಳು. ಪಕ್ಕದ ಮನೆಯ ತಮಿಳು ಅಜ್ಜಿ "ಅಯ್ಯೋ ಪಾವಂ" ಎಂದು ಯಾರ ಪರವಾಗಿಯೋ ನಿಟ್ಟುಸಿರುಬಿಟ್ಟಳು.

ಮೇಸ್ತ್ರಿಯ ಹೆಂಡತಿ ನನ್ನ ಮುಖ ನೋಡಿದಳು. ನಾನು ಹೊಳೆದ ಸುಳ್ಳು ಹೇಳಿದೆ: "ಪಕ್ಕದ್ಮನೆ ಅತ್ತೆ ವಿಷ್ಯ ಅಮ್ಮಾ, ಅವ್ರದ್ದು ದಿನಾ ಜಗಳ." ಪಕ್ಕದ ಮನೆಯ ಅಜ್ಜಿ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ಅಷ್ಟಕ್ಕೆ ಬಿಟ್ಟಿದ್ದರೆ ತೇಪೆ ನಿಲ್ಲುತ್ತಿತ್ತು ಅನಿಸುತ್ತದೆ. ಆದರೆ ಮೇಸ್ತ್ರಿ ಕಿಟಕಿಯ ಹತ್ತಿರ ಹೋಗಿ ಮಗಳಿಂದ ಮತ್ತೊಮ್ಮೆ ಕೇಳಿಸಿಕೊಂಡು, ಬಂದು ಆ ತಾಯಿಯ ಮುಂದೆ ಕೈಮುಗಿದು ನಿಂತ.

"ನೀವಲ್ಲ ತಾಯಿ. ನಮ್ಮಂಗ್ಡೀನಾಗೆ ಡ್ರೈವರ್ ಬಾಗ್ಲಿಗೆ ಅತ್ತೆ ಅಂತೀವಿ. ಬಾಗ್ಲು ಮಡಚೋ ಜಾಗಕ್ಕೆ ಮೊಣಕೈ. ಅಲ್ಲಿ ತಂತಿ ಸವೆದೈತೆ ಅಂತಾವ್ಳೆ."

"ನಿಮ್ಮಂಗ್ಡೀ ಮಾತು ಅವ್ಳಿಗೆಂಗೆ ಗೊತ್ತು?" ಎಂದು ಹುಡುಗನ ಅಪ್ಪ ಕೇಳಿದರು. ಹೆಂಡತಿ ಹಿಂದಿನಿಂದ ಮೇಸ್ತ್ರಿಯ ಅಂಗಿ ಜಗ್ಗುತ್ತಿದ್ದಳು. ಅವನು ಮಗಳನ್ನು ಕರೆದ.

ಅವಳು ಬಂದಳು. ರೇಷ್ಮೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಡ್ರೈವರ್ ಬಾಗಿಲನ್ನು ಮೆಲ್ಲಗೆ ತೆಗೆಯುತ್ತ ಹೋದಳು. ಅರ್ಧಕ್ಕೆ ಬಂದ ಕೂಡಲೇ ಟಕ್. ಹಿಂದಕ್ಕೆ ತಂದು ಮತ್ತೆ ತೆಗೆದಳು. ಅಲ್ಲೇ ಟಕ್. ಬಾಗಿಲಿಗೂ ಗಾಡಿಗೂ ನಡುವೆ ತಂತಿ ಹಾಯುವ ರಬ್ಬರಿನ ತೋಳನ್ನು ಸರಿಸಿದಳು. ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ ಒಂದು ತಂತಿಯ ಸಿಪ್ಪೆ ಸುಲಿದು, ಒಳಗಿನ ತಾಮ್ರ ಬಾಗಿಲಿನ ತಗಡಿಗೆ ತಾಕುತ್ತಿತ್ತು. ತಾಕಿದಾಗಲೆಲ್ಲ ಬೀಗ ಬೀಳುತ್ತಿತ್ತು. ನನ್ನ ಜೇಬಿನಲ್ಲಿ ಯಾವಾಗಲೂ ಇರುವ ಟೇಪು ಕೊಟ್ಟೆ. ಸುತ್ತಿದಳು. ಬಾಗಿಲು ಪೂರ್ತಿ ತೆಗೆದಳು. ಗುಬುಟುಗಳು ಎದ್ದಲ್ಲೇ ನಿಂತವು.

"ಇದು ಬರೀ ಟೇಪು ಮಾಮ, ಜಾಸ್ತಿ ದಿನ ತಡಿಯಲ್ಲ. ತಂತಿ ಬದಲಾಯಿಸ್ಬೇಕು, ಅಂಗ್ಡಿಗೆ ತನ್ನಿ," ಅಂದಳು.

ಹುಡುಗ ಬಾಯಿ ತೆರೆದು ನೋಡುತ್ತಿದ್ದ. ಹುಡುಗನ ಅಪ್ಪ ಕೆಟ್ಟವರಲ್ಲ. ಮೇಸ್ತ್ರಿಯ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಬಂದರು. ಹೇಗೋ ಎಡಗಿವಿಯ ಕಡೆಯೇ ನಿಂತರು. ನಾನೂ ಅಲ್ಲೇ ಇದ್ದೆ.

"ಉಡ್ಗಿ ಚುರುಕು. ನಮ್ಗೆ ಒಪ್ಗೆ. ಆದ್ರೆ ಈ ತಂತಿ ಕೆಲ್ಸ ನಮ್ ಜನದ ಕಿವಿಗೆ ಬೀಳ್ಬಾರ್ದು. ಅವ್ಳು ಅಂಗ್ಡಿ ಕಡೆ ತಲೆ ಆಕಿಲ್ಲ, ಇವತ್ತು ಬೀಗ ಸರಿ ಮಾಡಿದ್ದು ನೀವು. ನಾವು ಅಂಗೇ ಏಳ್ತೀವಿ. ನೀವೂ ಅಂಗೇ ಏಳಿ. ಮುಂದಿನ ವಾರ ತಾಂಬೂಲ."

ಇಷ್ಟೇ ಅವರು ಕೇಳಿದ್ದು. ಮೇಸ್ತ್ರಿ ಜೀವಮಾನವೆಲ್ಲ ಆಡಿದ ಮಾತನ್ನೇ ಇನ್ನೊಂದು ಸಲ ಆಡಬೇಕು, ನಾನು ಮಾಡಿದೆ ಅನ್ನಬೇಕು. ಅಂದರೆ ಮಗಳಿಗೆ ಮದುವೆ, ಹೆಂಡತಿಗೆ ನೆಮ್ಮದಿ, ಅವನಿಗೆ ಹೆಸರು. ನಾನಾಗಿದ್ದರೆ ಹೂಂ ಅಂದುಬಿಡುತ್ತಿದ್ದೆ. ಅವನೂ ಅನ್ನುತ್ತಾನೆ ಅಂತಲೇ ಅಂದುಕೊಂಡೆ.

ಮೇಸ್ತ್ರಿ ಕಾರಿನ ಕಡೆ ನೋಡಿದ. ಮಗಳು ಉಳಿದ ಟೇಪನ್ನು ಜೋಪಾನವಾಗಿ ಸುರುಳಿ ಮಾಡುತ್ತ ನಿಂತಿದ್ದಳು. ಅವನ ಗಂಟಲು ಏರಿತು. ಇಡೀ ಲೈನಿಗೆ ಕೇಳಿಸುವಂತೆ ಹೇಳಿದ:

"ಸುಳ್ಳು ನಾನು ಬೇಕಾದಷ್ಟು ಏಳಿದೀನಿ ಸಾರ್. ಇದನ್ನ ಮಾತ್ರ ಏಳಕ್ಕಾಗಲ್ಲ. ನನ್ ಕಿವಿ ಕೇಳ್ಸಲ್ಲ. ಎಲ್ಡು ವರ್ಷದಿಂದ ಕೇಳ್ಸಲ್ಲ. ಊರ್ನಾಗೆ ನಾನು ಕಂಡಿಡ್ದೆ ಅಂತ ಏಳ್ಕಂಡಿದ್ದೆಲ್ಲ ಅವ್ಳು ಕಂಡಿಡ್ದಿದ್ದು. ಇವತ್ತು ನಾನು ರಿಲೇ ಅಂದೆ, ಅದೂ ತಪ್ಪೇ. ಅಂಗ್ಡಿ ನಂದಲ್ಲ, ಅವ್ಳುದು. ಅದನ್ನ ಬಚ್ಚಿಟ್ಟು ಅವ್ಳನ್ನ ಕೊಡಕ್ಕೆ ನನ್ ಕೈಲಾಗಲ್ಲ." ಕಾರಿನ ಹತ್ತಿರ ಹೋಗಿ ಹಿಂದಿನ ಬಾಗಿಲು ತಾನೇ ತೆಗೆದು ಹಿಡಿದ. "ಬಾಗ್ಲು ನಾಕೂ ತೆಗ್ದೈತೆ. ಒರಡಿ."

ಹೊರಟರು. ಹುಡುಗ ಒಮ್ಮೆ ತಿರುಗಿ ನೋಡಿದ, ಅಷ್ಟೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಮೇಸ್ತ್ರಿಯ ಹೆಂಡತಿ ಹೊಸಿಲ ಮೇಲೆ ಕೂತು ಅತ್ತಳು, ಬಹಳ ದಿನ ಅವನೊಡನೆ ಮಾತು ಬಿಟ್ಟಳು. ಮಗಳು ಆ ಸಂಜೆ ರೇಷ್ಮೆ ಮಡಿಸಿಟ್ಟು ಲೋಟ ತಟ್ಟೆ ತೊಳೆದಳು. ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವಾಗ ಅಪ್ಪನ ಎಡಗಿವಿಯಲ್ಲಿ ಏನೋ ಅಂದಳು. ನನಗೆ ಕೇಳಿಸಲಿಲ್ಲ. ಅವನು ಟವೆಲಿನಿಂದ ಮುಖ ಒರೆಸಿಕೊಂಡಿದ್ದು ಮಾತ್ರ ಕಂಡಿತು. ಆ ಹೊತ್ತಿಗೆ ನನಗೆ ಅವನ ಮೇಲೆ ಬಂದ ಅಭಿಮಾನವನ್ನು ಬರೆಯಲು ನನಗೆ ಬರುವುದಿಲ್ಲ. ಅವನ ಪಕ್ಕದ ಅಂಗಡಿಯವನು ನಾನು ಎಂದು ಹೇಳಿಕೊಳ್ಳುವ ಆಸೆಯಾಯಿತು. ಇವತ್ತಿಗೂ ಹೇಳಿಕೊಳ್ಳುತ್ತೇನೆ.

ಅಲ್ಲಿಂದಾಚೆಗೆ ಅವನು ಜಂಬ ಬಿಟ್ಟನೆಂದು ತಿಳಿಯಬೇಡಿ. ಜಂಬ ಇನ್ನೂ ಹೆಚ್ಚಾಯಿತು. "ನಾನು" ಇದ್ದ ಕಡೆಯೆಲ್ಲ "ನನ್ ಮಗ್ಳು" ಬಂತು, ಅಷ್ಟೇ ವ್ಯತ್ಯಾಸ. ಅವಳು ಬಾಗಿಲಿಗೆ ಕಿವಿ ಇಡುವಾಗ ಇವನು ಗಲ್ಲಿಯವರನ್ನೆಲ್ಲ "ಶ್ಶ್" ಎಂದು ಸುಮ್ಮನಾಗಿಸುತ್ತಿದ್ದ, ಆಟೋದವರನ್ನೂ ಬಿಡುತ್ತಿರಲಿಲ್ಲ. ಮದುವೆ ಆಮೇಲೆ ಕಾಮಸಮುದ್ರದ ಕಡೆಯ ಹುಡುಗನೊಡನೆ ಆಯಿತು. ಅವಳ ಅಂಗಡಿಗೆ ಟ್ರ್ಯಾಕ್ಟರಿನ ಡೈನಮೋ ರಿಪೇರಿಗೆ ತಂದವನು ಅವನು. ಮದುವೆಯಾದ ಮೇಲೂ ಅಂಗಡಿ ಇರಬೇಕೆಂಬ ಮಾತನ್ನು ಅವನೇ ಮೊದಲು ಎತ್ತಿದ.

ಆದರೆ ನಾನು ಹೇಳಿ ಮುಗಿಸಬೇಕಾದದ್ದು ಮದುವೆಗೆ ಮುಂಚಿನ ಮಾತು. ಆ ಭಾನುವಾರ ಕಳೆದು ಕೆಲವು ವಾರಗಳಾಗಿದ್ದವು. ಮಧ್ಯಾಹ್ನ ಅದೇ ಕಾರು ಗಲ್ಲಿಗೆ ಬಂದು ನಿಂತಿತು. ಇಳಿದವರು ಹುಡುಗನ ಅಪ್ಪ, ಒಬ್ಬರೇ. ಟೇಪು ಬಿಟ್ಟುಕೊಂಡಿತ್ತು. ಬಂಗಾರಪೇಟೆಯಲ್ಲಿ ಯಾರ ಯಾರಿಗೋ ತೋರಿಸಿ ಸಾಕಾಗಿತ್ತೆಂದು ಮುಖವೇ ಹೇಳುತ್ತಿತ್ತು. ಅಂಗಡಿಯ ಮುಂದೆ ನಾಲ್ಕಾರು ಗಿರಾಕಿಗಳಿದ್ದರು. ಮಗಳು ಒಳಗೆ ಬೇರೊಂದು ಕೆಲಸದಲ್ಲಿದ್ದಳು. ಅವರು ಮೇಸ್ತ್ರಿಯ ಹತ್ತಿರ ಬಂದು, ಸಣ್ಣ ದನಿಯಲ್ಲಿ, "ನೀವೇ ಒಂಚೂರು ನೋಡ್ಬಿಡಿ ಮೇಸ್ತ್ರಿ," ಅಂದರು.

ಮೇಸ್ತ್ರಿ ಎದ್ದು ನಿಂತ. ಎದೆ ಉಬ್ಬಿತು, ಕೈ ಮೀಸೆಗೆ ಹೋಯಿತು. ಅವನ ಬಾಯಿಂದ ನಾನು ಎಂದೂ ಕೇಳಿರದ ಮಾತನ್ನು ಗಲ್ಲಿಯ ಆ ತುದಿಯವರೆಗೆ ಕೇಳಿಸುವಂತೆ ಹೇಳಿದ:

"ನಂಗೆ ಬರಲ್ಲ ಸಾರ್. ಬರೋರು ಒಳಗವ್ರೆ. ಕೂತ್ಕಳಿ, ಕರೀತೀನಿ."